ರಿಪೇರಿ ಕಾಕಾನ ಹೊಗೆಡಬ್ಬಿ

ರಿಪೇರಿ ಕಾಕಾ ಎಲ್ಲಿ ಸಿಗುತ್ತಾನೆ ಅಂತ ಯಾರನ್ನೂ ಕೇಳಬೇಕಾಗಿಲ್ಲ. ಗದಗ-ಬೆಟಗೇರಿಯಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಾಗಲಿ, ಬಸ್ ಸ್ಟ್ಯಾಂಡಿನಿಂದ ತುಸು ಒಳಗೆ, ನಾಲ್ಕು ಮಂದಿ ನಿಂತರೆ ಐದನೆಯವ ರಸ್ತೆಗೆ ಬೀಳುವಂಥ ಅಂಗಡಿಯಲ್ಲಿ ಇದ್ದೇ ಇರುತ್ತಾನೆ. ಧಾರವಾಡ ಆಕಾಶವಾಣಿ 1950ರಲ್ಲಿ ಬಾಯಿ ಬಿಟ್ಟ ಮೇಲೆ ಈ ಸೀಮೆಯಲ್ಲಿ ಕಾಕಾಗಳ ಕುಲ ಹಬ್ಬಿತು ಅನ್ನುವುದು ನನ್ನ ಊಹೆ. ರೇಡಿಯೋ ಹೋಗಿ ಟೇಪ್ ರೆಕಾರ್ಡರ್ ಬಂತು, ಟೀವಿ ಬಂತು, ಈಗ ಇನ್ವರ್ಟರು, ಮಿಕ್ಸರು. ಕಾಕಾ ಮಾತ್ರ ಹಾಗೇ ಇದ್ದಾನೆ. ಮೂಗಿನ ತುದಿಗೆ ಚಾಳೀಸು, ಕಿವಿಯ ಮೇಲೆ ಪೆನ್ನು, ಕೈಯಲ್ಲಿ ಕಾದ ಸೋಲ್ಡರಿಂಗ್ ಐರನ್, ಬಾಯಲ್ಲಿ "ನಾಳೆ ಬರ್ರಿ."

ಅಂಗಡಿಯಲ್ಲಿ ತಯಾರಾಗಿ ಸಿಗುವ ವಸ್ತುವನ್ನು ರೊಕ್ಕ ಕೊಟ್ಟು ತರುವುದೆಂದರೆ ಅವನ ಲೆಕ್ಕದಲ್ಲಿ ಸೋಲೊಪ್ಪಿಕೊಂಡಂತೆ. "ರೊಕ್ಕ ಕೊಟ್ಟು ಯಾರರ ತರ್ತಾರ. ಅದಕ್ಕ ತಲಿ ಯಾಕ ಬೇಕು?" ಹೀಗಾಗಿ ಅವನ ಮನೆಯ ಕಾಲಿಂಗ್ ಬೆಲ್ ಒತ್ತಿದರೆ ಅಡಿಗೆಮನೆಯ ದೀಪ ಹತ್ತುತ್ತದೆ. ಕಾಕು ಅದಕ್ಕೂ ಹೊಂದಿಕೊಂಡಿದ್ದಾಳೆ.

ಈಚೆಗೆ ಗದಗಿನ ಕಾಕಾನಿಗೆ ಕೆಮ್ಮು ಹತ್ತಿತು. ಡಾಕ್ಟರು, "ಬೀಡಿ ಸೇದ್ತೀರೇನ್ರಿ?" ಅಂದರು. "ಇಲ್ರಿ, ಬರೇ ಸೋಲ್ಡರ್ ಸೇದ್ತೀನಿ" ಅಂದ ಕಾಕಾ. ಹೊಗೆಯಿಂದ ದೂರ ಇರಿ ಅಂದರು. ಹೊಗೆಯಲ್ಲಿ ಸೀಸ ಹಾರಿ ಬಂದು ಎದೆಗೆ ಕೂಡುತ್ತದೆ ಅನ್ನುವುದು ಇಡೀ ಬಜಾರದ ನಂಬಿಕೆ. ನಿಜ ಬೇರೆ. ಸೀಸ ಕುದಿದು ಆವಿಯಾಗಲು 1749 ಡಿಗ್ರಿ ಸೆಲ್ಸಿಯಸ್ ಬೇಕು. ಕಾಕಾನ ಐರನ್ ತುದಿ ಎಷ್ಟು ಸಿಟ್ಟಿಗೆದ್ದರೂ 350ರ ಸುತ್ತಮುತ್ತ. ಆ ಬಿಳಿ ಹೊಗೆ ಸೋಲ್ಡರ್ ತಂತಿಯ ಹೊಟ್ಟೆಯಲ್ಲಿರುವ ರಾಳದ್ದು, ಅಂದರೆ ಪೈನ್ ಮರದ ಅಂಟಿನದ್ದು. ಹಾಗಂತ ಅದೇನು ಸಾಧು ಹೊಗೆಯಲ್ಲ. ಕೆಲಸದ ಜಾಗದಲ್ಲಿ ಅಂಟಿಕೊಳ್ಳುವ ದಮ್ಮಿನ ಮುಖ್ಯ ಕಾರಣಗಳಲ್ಲಿ ಇದೂ ಒಂದು ಎಂದು ಬ್ರಿಟನ್ನಿನ ಸುರಕ್ಷತಾ ಇಲಾಖೆಯೇ ಎಚ್ಚರಿಸಿದೆ. ಸೀಸ ಒಳಗೆ ಹೋಗುವ ದಾರಿ ಮೂಗಲ್ಲ, ಬಾಯಿ: ತಂತಿ ಹಿಡಿದ ಬೆರಳಲ್ಲೇ ಮಿರ್ಚಿ ಹಿಡಿದಾಗ. ಇಷ್ಟೆಲ್ಲ ಹೇಳಿದರೆ ಕಾಕಾನ ಮುಖ ಅರಳಿತು. "ಮರದ ಹೊಗಿ ಅಂದ್ರ ಆಯುರ್ವೇದಿಕ್ ಆತಲ್ಲ!"

ಆದರೂ ಡಾಕ್ಟರ ಮಾತು. ಹೊಗೆ ಎಳೆಯುವ ಯಂತ್ರ ತಯಾರು ಸಿಗುತ್ತದೆ. ಸಿಗುತ್ತದೆ ಅನ್ನುವ ಕಾರಣಕ್ಕೇ ಅದು ಬೇಡವಾಯಿತು. ಗುಜರಿಯಿಂದ ಸತ್ತ ಕಂಪ್ಯೂಟರಿನ ಫ್ಯಾನು, ಹಳೇ ಡಿಶ್ ಬಾಕ್ಸಿನ 12 ವೋಲ್ಟ್ ಅಡಾಪ್ಟರು, ಬಿಸ್ಕೀಟಿನ ತಗಡಿನ ಡಬ್ಬಿ. ಫಿಲ್ಟರಿಗೆ ಇದ್ದಲಿ ಬೇಕೆಂದು ಯಾರೋ ಅಂದದ್ದಕ್ಕೆ ಒಲೆಯ ಇದ್ದಲಿಯನ್ನೇ ಕುಟ್ಟಿ, ಕಾಕುವಿನ ಹಳೇ ಸೀರೆಯ ತುಂಡಿನಲ್ಲಿ ಕಟ್ಟಿದ. ವಾಸನೆ ಹೀರುವುದು ಬೇರೆ ಜಾತಿಯ, ಸಂಸ್ಕಾರ ಮಾಡಿದ ಇದ್ದಲಿ. ಒಲೆಯ ಇದ್ದಲಿಗೆ ಕರಿ ಮಾಡುವುದಷ್ಟೇ ಗೊತ್ತು. ಅದು ಉದ್ಘಾಟನೆಯ ದಿನವೇ ಸಾಬೀತಾಯಿತು. ಇಂಥ ಫ್ಯಾನಿನ ಗಾಳಿ ಹೊರಬೀಳುವುದು ಚೀಟಿ ಅಂಟಿಸಿದ ಮಗ್ಗುಲಿಗೆ. ಕಾಕಾ ಚೀಟಿಯನ್ನು ಒಳ್ಳೆ ಕಾಣಲಿ ಅಂತ ಗಿರಾಕಿಯ ಕಡೆಗೆ ತಿರುಗಿಸಿದ್ದ. ಎದುರಿಗೆ ನಿಶ್ಚಯಕ್ಕೆ ಹೊರಟ ಹಿರಿಯರೊಬ್ಬರು, ಬಿಳಿ ಧೋತರ, ಬಿಳಿ ಅಂಗಿ. ಸ್ವಿಚ್ ಒತ್ತಿದ್ದೇ ತಡ ಇಬ್ಬರ ನಡುವೆ ಒಂದು ಕರಿ ಮೋಡ ಎದ್ದಿತು. ಮೋಡ ಇಳಿದ ಮೇಲೆ ಕಾಕಾ ಹೇಳಿದ: "ನೋಡ್ರಿ, ಫ್ಯಾನ್ ಏನ್ ಫೋರ್ಸ್ ಐತಿ!"

ತಿರುಗಿಸಿ ಜೋಡಿಸಿದ. ಡಬ್ಬಿಯನ್ನು ಎರಡು ಫೂಟು ದೂರದ ಹಲಗೆಯ ಮೇಲೆ ದೇವರಂತೆ ಕೂರಿಸಿದ. ಹೊಗೆ ಡಬ್ಬಿಯ ಕಡೆ ಹೊರಳಿಯೂ ನೋಡದೆ ನೆಟ್ಟಗೆ ಕಾಕಾನ ಮೂಗಿಗೇ ಬಂತು. ಕೈಕೆಳಗಿನ ಐಟಿಐ ಹುಡುಗ ಮೇಣದಬತ್ತಿ ಹಚ್ಚಿಟ್ಟ. "ಕಾಕಾ, ಊದಿ ಆರಸ್ತೀರಿ, ಗೊತ್ತೈತಿ. ಉಸುರು ಒಳಗ ಜಗ್ಗಿ ಆರಸ್ರಿ ನೋಡೂಣು." ಕಾಕಾ ಭಾಳ ಹೊತ್ತು ಜಗ್ಗಿದ. ಬತ್ತಿ ಆರಲಿಲ್ಲ, ಮೀಸೆ ಮಾತ್ರ ಕಾದಿತು. ಊದಿದ ಗಾಳಿ ದೂರ ಹೋಗುತ್ತದೆ, ಎಳೆದ ಗಾಳಿ ಬಾಯಿಯ ಹತ್ತಿರದ್ದಷ್ಟೇ ಬರುತ್ತದೆ. ಡಬ್ಬಿ ಗೇಣಿನೊಳಗೆ ಸರಿಯಿತು. ಹೊಗೆ ಅಂದು ಮೊದಲ ಬಾರಿ ಹೇಳಿದ ಮಾತು ಕೇಳಿತು.

ಉಳಿದ ಊರುಗಳ ಕಾಕಾಗಳೂ ಸುಮ್ಮನೆ ಕೂತವರಲ್ಲ. ಲಕ್ಷ್ಮೇಶ್ವರದವ ಗೋಡೆ ಒಡೆದು ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನು ಕೂರಿಸಿದ. ಹೊಗೆಗಿಂತ ಮೊದಲು ಉದ್ರಿ ಚೀಟಿಗಳು ಹಾರಿಹೋದವು. ಬಾಕಿ ಇದ್ದವರೆಲ್ಲ ಆ ಫ್ಯಾನನ್ನು ಇಂದಿಗೂ ಹೊಗಳುತ್ತಾರೆ. ಶಿರಹಟ್ಟಿಯ ಕಾಕಾ ಹಳೇ ಪದ್ಧತಿಯವ: ಬಾಯಿಂದ ಊದಿ ಹೊಗೆಯನ್ನು ಗಿರಾಕಿಗೆ ದಾಟಿಸುತ್ತಾನೆ. ಮುಂಡರಗಿಯವ ಬೇವಿನ ಗಿಡದ ಕೆಳಗೆ ಟೇಬಲ್ ಹಾಕಿದ. ಕಪ್ಪತಗುಡ್ಡದ ಮೇಲೆ ವಿದ್ಯುತ್ತಿನ ರೆಕ್ಕೆಗಳನ್ನು ತಿರುಗಿಸುವ ಗಾಳಿಗೆ ಒಂದು ಹೊಗೆಯೆಳೆ ಯಾವ ಲೆಕ್ಕ? ಆದರೆ ಅದೇ ಗಾಳಿ ಬೆಸುಗೆ ಕೂಡುವ ಮೊದಲೇ ಐರನ್ ತಣಿಸಿ, ಹೋದ ಮಾಲೆಲ್ಲ ಡ್ರೈ ಸೋಲ್ಡರ್ ಆಗಿ ವಾಪಸ್ ಬಂತು.

ಗದಗಿನ ಕಾಕಾ ಕೊನೆಗೆ ಇದ್ದಲಿ ಎಸೆದು, ಡಬ್ಬಿಗೆ ಪೈಪು ಹಚ್ಚಿ ಕಿಟಕಿಯಿಂದ ಹೊರಗೆ ಬಿಟ್ಟ. ಇದೇ ಸರಿಯಾದ ದಾರಿ. ಆದರೆ ಕಿಟಕಿಯಾಚೆ ಮಿರ್ಚಿ-ಭಜಿ ಗಾಡಿ.

"ಕಾಕಾ, ನಿಮ್ಮ ಹೊಗಿ ನನ್ನ ಬಾಣಲಿಗೆ ಬರಾಕತ್ತೈತಿ."

"ನಿನ್ನ ಹೊಗಿ ಇಷ್ಟು ವರ್ಷ ನನ್ನ ಅಂಗಡ್ಯಾಗ ಬಂತು. ನಾ ಏನರ ಅಂದೆನು?"

"ನನ್ನ ಹೊಗಿ ಹಸಿವಿ ತರ್ತೈತ್ರಿ."

ಇದಕ್ಕೆ ಕಾಕಾನ ಬಳಿ ಉತ್ತರ ಇರಲಿಲ್ಲ. ಪೈಪು ಮಾಳಿಗೆಗೆ ಏರಿತು. ಖರ್ಚಿನ ಲೆಕ್ಕ ಕೇಳಿದರೆ ಮಾತ್ರ ಕಾಕಾ ಇಂದಿಗೂ ವಿಷಯ ಬದಲಿಸುತ್ತಾನೆ.

ಯಂತ್ರ ಈಗ ಚೆಂದ ನಡೆದಿದೆ, ಕೆಮ್ಮೂ ಇಳಿದಿದೆ. ಸೀಸ ಹತ್ತಿದ ಕೈಯಲ್ಲೇ ಮಿರ್ಚಿ ತಿನ್ನುವುದು ಹಾಗೇ ಇದೆ. ಆದ್ದರಿಂದ ಓದುಗರಲ್ಲಿ ವಿನಂತಿ: ಮನೆಯಲ್ಲಿ ಕೆಟ್ಟ ಕಂಪ್ಯೂಟರಿದ್ದರೆ ಅದರ ಫ್ಯಾನನ್ನು ನಿಮ್ಮೂರ ಕಾಕಾನಿಗೆ ಕೊಡಿ, 120 ಮಿಲಿಮೀಟರಿನದಾದರೆ ಇನ್ನೂ ಒಳ್ಳೆಯದು. ಜೊತೆಗೊಂದು ಸಾಬೂನು ಕೊಡಿ. ಮಿಕ್ಸರನ್ನು ಮಾತ್ರ ಈ ತಿಂಗಳು ಕೊಡಬೇಡಿ. ನನ್ನದೇ ಇನ್ನೂ ಅಲ್ಲಿದೆ.