ಹಕ್ಕಿ ಸಾರು

ನಿವೃತ್ತಿಗೆ ಹತ್ತು ವರ್ಷ ಮೊದಲೇ ನಿವೃತ್ತರಾಗಿ, ಎರಡೆಕರೆ ಜಮೀನು ಕೊಂಡು, ಅದರ ನಡುವೆ ಹೆಂಚಿನ ಮನೆ ಕಟ್ಟಿ, ಜಗುಲಿಯ ಮೇಲೆ ದುರ್ಬೀನು ಹಿಡಿದು ಕೂತವರು ಮೈಸೂರು ಸೀಮೆಯಲ್ಲಿ ಈಗ ಹೋಬಳಿಗೆ ಒಬ್ಬರಾದರೂ ಸಿಗುತ್ತಾರೆ. ನಾನು ಹೇಳುತ್ತಿರುವವರು ಬದನವಾಳಿನ ಕಡೆಯವರು. ನಂಜನಗೂಡಿನಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ಇಳಿದು ‘ಹಕ್ಕಿ ಸಾರು’ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಹೊಸದಾಗಿ ಬಂದ ಕೊರಿಯರ್ ಹುಡುಗ ಮಾತ್ರ ಮೊದಲ ದಿನ ಮಿಲಿಟರಿ ಹೋಟೆಲು ಹುಡುಕಿಕೊಂಡು ಊರೆಲ್ಲ ಸುತ್ತಿದನಂತೆ.

ಇವರೇನೂ ಹಕ್ಕಿಗಾಗಿ ಇಲ್ಲಿಗೆ ಬಂದವರಲ್ಲ. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಬದನವಾಳಿನಲ್ಲಿ ಸತ್ಯಾಗ್ರಹ ಕೂತರಲ್ಲ, ಆಗ ಬೆಂಗಳೂರಿನಿಂದ ಬಂದು ಕೂತವರಲ್ಲಿ ಇವರೂ ಒಬ್ಬರು. ಗಾಂಧೀಜಿ ಕಾಲದ ಖಾದಿ ಕೇಂದ್ರ ನೋಡಿದರು, ಅದರ ಪಾಳುಬಿದ್ದ ಗೋಡೆ ನೋಡಿದರು, ರಾಟೆ ಮುಂದೆ ಕೂತ ಹೆಂಗಸರನ್ನು ನೋಡಿದರು, ಸಂಜೆಗೆ ಪಕ್ಕದ ಜಮೀನಿನ ದರ ವಿಚಾರಿಸಿದರು. ಸಹಜ ಕೃಷಿ ಮಾಡುವುದೆಂದು ತೀರ್ಮಾನವಾಯಿತು. ಮೊದಲ ವರ್ಷ ಅವರೆ ಹಾಕಿದರು, ಹುಳು ತಿಂದಿತು. ಎರಡನೇ ವರ್ಷ ಹುರುಳಿ ಹಾಕಿದರು, ನವಿಲು ತಿಂದಿತು. ಮೂರನೇ ವರ್ಷ ನವಿಲಿನ ಫೋಟೋ ತೆಗೆದರು. ಕೃಷಿ ಅಲ್ಲಿಗೆ ಮುಗಿಯಿತು.

ಪಕ್ಷಿವೀಕ್ಷಕನಾದ ಮೇಲೆ ಒಂದು ದೊಡ್ಡ ಅನುಕೂಲ ಉಂಟು. ಜಮೀನಿನಲ್ಲಿ ಯಾವುದೂ ಹಾಳಾಯಿತು ಅನ್ನಿಸುವುದಿಲ್ಲ. ತಂತಿ ಕಳಚಿಬಿದ್ದ ಬೇಲಿಕಂಬ ಈಗ ಕಾಜಾಣ ಕೂರುವ ಪೀಠ. ಕೀಳದೆ ಬಿಟ್ಟ ಪರಂಗಿ ಕುಟ್ರು ಹಕ್ಕಿಯ ಪಾಲು. ಸುಳಿ ಒಣಗಿದ ತೆಂಗಿನಮರ ಮರಕುಟಿಗನಿಗೆ, ಲಂಟಾನ ಪೊದೆ ಪಿಕಳಾರಕ್ಕೆ. ಕಾಂಗ್ರೆಸ್ ಗಿಡ ಯಾವ ಹಕ್ಕಿಗೆ ಎಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, “ಮುನಿಯಾ ಬರಬಹುದು” ಎಂದರು. ಹಿತ್ತಲಲ್ಲಿ ನಲ್ಲಿ ಸೋರಿ ಸೋರಿ ಕೊಚ್ಚೆಯಾಗಿರುವುದಕ್ಕೆ ವೆಟ್‌ಲ್ಯಾಂಡ್ ಎಂದು ಹೆಸರು. ಹೆಂಚು ಸರಿದು ಮಳೆಗಾಲದಲ್ಲಿ ನಡುಮನೆ ತೊಯ್ಯುತ್ತದೆ, ಆದರೆ ಆ ಸಂದಿಯಲ್ಲಿ ಹಾಲಕ್ಕಿ ಜೋಡಿ ಸಂಸಾರ ಹೂಡಿದೆ, ರಿಪೇರಿ ಮಾಡಿಸುವ ಮಾತೇ ಇಲ್ಲ. ಅವರ ಮನೆಯವರು ಸಂದಿಯ ಕೆಳಗೆ ಇಡ್ಲಿಪಾತ್ರೆ ಇಟ್ಟುಕೊಂಡು ಹಾಲಕ್ಕಿಯ ಬಾಣಂತನ ನೋಡುತ್ತಿದ್ದಾರೆ.

ಊರಿಗೆ ಇವರು ಅರ್ಥವಾಗಲು ತಡವಾಯಿತು. ದುರ್ಬೀನು ಹಿಡಿದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾ ಬದುವಿನ ಮೇಲೆ ನಡೆಯುವವನನ್ನು ಕಂಡರೆ ಈ ತಾಲ್ಲೂಕಿನ ರೈತನ ಎದೆ ಧಸಕ್ಕೆನ್ನುತ್ತದೆ. ತಾಂಡವಪುರ, ಹಿಮ್ಮಾವು ಕಡೆ ಕೈಗಾರಿಕೆಗೆ ಜಮೀನು ಹೋದದ್ದನ್ನು ಇಲ್ಲಿಯವರು ಕಣ್ಣಾರೆ ಕಂಡಿದ್ದಾರೆ. “ಹಕ್ಕಿ ನೋಡ್ತಾ ಇದೀನಿ” ಎಂದರೆ ಯಾರು ನಂಬಬೇಕು? ಹಕ್ಕಿ ನೋಡಲು ಕೆಲಸ ಬಿಡಬೇಕೆ? ಅದು ತಾನಾಗಿಯೇ ಕಣ್ಣಿಗೆ ಬೀಳುವುದಿಲ್ಲವೆ? ಕೊನೆಗೆ ಅವರ ಕ್ಯಾಮೆರಾ ಲೆನ್ಸಿನ ಬೆಲೆ ಎರಡು ಸೀಮೆಹಸುವಿನಷ್ಟು ಎಂದು ತಿಳಿದ ಮೇಲೆ ಊರು ನಿರಾಳವಾಯಿತು. ಅಷ್ಟು ದುಡ್ಡು ಕೊಟ್ಟು ಕಾಗೆ ಫೋಟೋ ತೆಗೆಯುವವನು ಸರ್ಕಾರದ ಕಡೆಯವನಾಗಿರಲಾರ.

ನಂಬಿಕೆ ಬಂದದ್ದೇ ತಡ, ತಾಲ್ಲೂಕಿನ ಅಷ್ಟೂ ಹಕ್ಕಿ ಇವರ ಲೆಕ್ಕಕ್ಕೆ ಬಿತ್ತು. “ಸಾ, ನಿಮ್ ನವುಲು ಬಂದು ನನ್ ಹೆಸ್ರುಕಾಳ್ನೆಲ್ಲ ಮೇಯ್ದು ಹೋಗವ” ಎಂದು ಪಕ್ಕದ ಹೊಲದವನು ಬೆಳಗಾಗೆದ್ದು ಬಂದು ನಿಲ್ಲುತ್ತಾನೆ. ಇವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ, ಅದರ ಮೊದಲ ಪರಿಚ್ಛೇದ, ರಾಷ್ಟ್ರಪಕ್ಷಿಯ ಘನತೆ ಎಲ್ಲವನ್ನೂ ವಿವರಿಸುತ್ತಾರೆ. ಆತ ತಾಳ್ಮೆಯಿಂದ ಕೇಳಿ, “ಹಂಗಾರ ನವುಲು ಸರ್ಕಾರದ್ದು, ಕಾಳು ಮಾತ್ರ ನಂದಾ?” ಎನ್ನುತ್ತಾನೆ. ಇದಕ್ಕೆ ಸಲೀಂ ಅಲಿಯ ಪುಸ್ತಕದಲ್ಲಿ ಉತ್ತರವಿಲ್ಲ. ಹುಡುಗರು ಗೂಡಿನಿಂದ ಬಿದ್ದ ಮರಿ ಎಂದು ಗೊರವಂಕದ ಮರಿಯನ್ನು ಮಂಕರಿಯಲ್ಲಿ ತರುತ್ತಾರೆ. ಸಿಕ್ಕಿದಲ್ಲೇ ಬಿಟ್ಟು ಬನ್ನಿ ಎಂದು ಬುದ್ಧಿ ಹೇಳಿ, ಹತ್ತು ರೂಪಾಯಿ ಕೊಟ್ಟು ಕಳಿಸುತ್ತಾರೆ. ಆ ಮರಿ ವಾರಕ್ಕೆರಡು ಸಲ ಬೀಳುತ್ತಿದೆ.

ಇವರ ಜಾತಿಯವರಿಗೆಲ್ಲ ಒಂದು ಲಕ್ಷಣ ಸಾಮಾನ್ಯ. ಯಾವಾಗಲೂ ಪಿಸುಗುಟ್ಟುತ್ತಾರೆ. ಕರೆಂಟು ಹೋಗಿ ಲೈನ್‌ಮನ್‌ಗೆ ಫೋನು ಮಾಡಿದರೂ ಪಿಸುಮಾತೇ. ಆತ ಯಾರೋ ಕದ್ದು ಮಾತಾಡುತ್ತಿದ್ದಾರೆಂದು ಫೋನಿಟ್ಟುಬಿಡುತ್ತಾನೆ. ತೇಜಸ್ವಿಯವರ ಹೆಸರು ಹೇಳದೆ ಕಾಫಿ ಕುಡಿಯುವುದಿಲ್ಲ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಸಲೀಂ ಅಲಿ ಹೇಳಿದ್ದರಿಂದ ಎಂಬುದನ್ನು, ತಾವೂ ಆಗ ಪಕ್ಕದಲ್ಲೇ ನಿಂತಿದ್ದವರಂತೆ ಹೇಳುತ್ತಾರೆ. ಫೆಬ್ರವರಿಯಲ್ಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಬರುತ್ತದೆ. ಅಮೆರಿಕದವರು 1998ರಲ್ಲಿ ಶುರುಮಾಡಿದ್ದು, 2013ರಿಂದ ನಮ್ಮಲ್ಲೂ ಇದೆ. ಕನಿಷ್ಠ ಹದಿನೈದು ನಿಮಿಷ ಹಕ್ಕಿ ಎಣಿಸಬೇಕು. ಆ ಹದಿನೈದು ನಿಮಿಷ ಅಡುಗೆಮನೆಯಲ್ಲಿ ಕುಕ್ಕರ್ ಕೂಗಬಾರದು.

ಹಕ್ಕಿಯ ದನಿ ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪು ಬಂದ ಮೇಲೆ ಇವರು ಕಿವಿಯನ್ನೂ ಮೊಬೈಲಿಗೇ ಒಪ್ಪಿಸಿದ್ದಾರೆ. ಒಂದು ಡಿಸೆಂಬರಿನಲ್ಲಿ ಅದು ಕೋಗಿಲೆ ಎಂದಿತು. ಆ ಚಳಿಯಲ್ಲಿ ಕೋಗಿಲೆ ಹಾಗೆ ದನಿಯೆತ್ತಿ ಹಾಡಿದ್ದು ಹವಾಮಾನ ಬದಲಾವಣೆಯ ಸ್ಪಷ್ಟ ಗುರುತೆಂದು ಇವರು ತಮ್ಮ ದಿನದ ಹಕ್ಕಿಪಟ್ಟಿಯ ಕೆಳಗೆ ಒಂದು ಪ್ಯಾರಾ ಬರೆದರು. ಹಾಡಿದ್ದು ಬಾಳೆತೋಟ ಕಾಯುವ ಹುಡುಗ. ಅವನಿಗೆ ಹದ್ದಿನ ದನಿಯೂ ಬರುತ್ತದೆ, ಕೇಳಿದರೆ ಹಾಡಿ ತೋರಿಸುತ್ತಾನೆ.

ಬೇಸಗೆಯಲ್ಲಿ ಪಕ್ಕದ ಬಯಲು ಹೊಲದಲ್ಲಿ ಟಿಟ್ಟಿಭ ಮೊಟ್ಟೆಯಿಟ್ಟಿತ್ತು. ಗೂಡೆಂದರೆ ಗೂಡೇನಲ್ಲ, ನೆಲದಲ್ಲಿ ಒಂದು ಅಂಗೈಯಷ್ಟು ತಗ್ಗು, ಸುತ್ತ ನಾಲ್ಕು ನೊರಜುಗಲ್ಲು, ನಡುವೆ ನಾಲ್ಕು ಮೊಟ್ಟೆ, ಚೂಪು ತುದಿಗಳೆಲ್ಲ ಒಳಮುಖ. ಮಣ್ಣಿನದೇ ಬಣ್ಣ, ಮೇಲೆ ಕಪ್ಪು ಮಚ್ಚೆ. ಎರಡು ಹೆಜ್ಜೆ ಆಚೆ ನಿಂತರೆ ಕಾಣುವುದಿಲ್ಲ. ಮೊದಲ ಮಳೆಗೆ ಮುಂಚೆ ಉಳುಮೆಗೆ ಟ್ರ್ಯಾಕ್ಟರು ಬರುವುದೆಂದು ತಿಳಿದ ನಮ್ಮವರು ಬೆಳಿಗ್ಗೆ ಎಂಟಕ್ಕೇ ಕೊಡೆ, ನೀರಿನ ಬಾಟಲಿ ಹಿಡಿದು ಮೊಟ್ಟೆಯ ಪಕ್ಕ ಕಾವಲು ನಿಂತರು. ತಲೆಯ ಮೇಲೆ ತಾಯಿಹಕ್ಕಿ ಕಿರುಚುತ್ತಾ ಸುತ್ತುತ್ತಿತ್ತು. ಇವರಿಗೆ ಅದು ಕೃತಜ್ಞತೆಯಂತೆ ಕೇಳಿಸುತ್ತಿತ್ತು. ಹನ್ನೊಂದಕ್ಕೆ ಟ್ರ್ಯಾಕ್ಟರು ಬಂತು. ಇವರು ಕೈ ಅಡ್ಡ ಹಿಡಿದು, ಸಿದ್ಧಮಾಡಿಕೊಂಡಿದ್ದ ಭಾಷಣ ತೆಗೆದರು. ಡ್ರೈವರು ಕೆಳಗಿಳಿದು ಬೀಡಿ ಹಚ್ಚಿದ.

“ಮೊನ್ನೇನೆ ನೋಡಿವ್ನಿ ಕನ ಸಾ. ಅದ್ಕೇ ಸುತ್ಲೂ ಕಡ್ಡಿ ನೆಟ್ಟಿರದು, ನೀವ್ ನೋಡ್ನಿಲ್ವಾ? ಅಷ್ಟು ಜಾಗ ಬುಟ್ಟು ಉಳ್ತೀವಿ, ವರ್ಸಾ ವರ್ಸಾನೂ ಹಂಗೇಯ. ನೀವಿಲ್ಲಿ ನಿಂತ್ಕಂಡಿರದ್ಕ ಅದು ಬಂದು ಕೂರ್ತಾ ಇಲ್ಲ. ಮೊಟ್ಟ ಬಿಸುಲ್ಗ ಬೆಂದೋಯ್ತವ. ವಸಿ ಅತ್ತಗ ಜರುಗಿ.”

ಜರುಗಿದರು. ಎರಡೇ ನಿಮಿಷಕ್ಕೆ ಹಕ್ಕಿ ಇಳಿದು, ಅತ್ತಿತ್ತ ನೋಡಿ, ಮೊಟ್ಟೆಯ ಮೇಲೆ ಕೂತಿತು. ಟ್ರ್ಯಾಕ್ಟರು ಒಂದು ಬಾಗು ಹಾಕಿಕೊಂಡು ಮುಂದೆ ಹೋಯಿತು. ಆ ದಿನದ ಪಟ್ಟಿಯಲ್ಲಿ ‘ಸ್ಥಳೀಯ ರೈತರಲ್ಲಿ ಜಾಗೃತಿ ಮೂಡಿಸಲಾಯಿತು’ ಎಂಬ ಟಿಪ್ಪಣಿ ಇದೆ.

ಚಳಿಗಾಲದಲ್ಲಿ ಇವರ ಎಲ್ಲೆ ಬದನವಾಳು ದಾಟುತ್ತದೆ. ಹದಿನಾರು ಎಂಬ ಊರಿನ ಕೆರೆಗೆ, ತಿ. ನರಸೀಪುರ ತಾಲ್ಲೂಕಿನ ಕಗ್ಗಲೀಪುರ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಇಳಿಯುತ್ತವೆ. ಹಿಮಾಲಯವನ್ನು ಹಾರಿ ದಾಟುವ ಗಟ್ಟಿಗರು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕತ್ತಿಗೆ ಅಕ್ಷರದ ಪಟ್ಟಿ ತೊಡಿಸಿ ಬಿಟ್ಟವೂ ಇಲ್ಲಿ ಕಾಣಿಸಿಕೊಂಡಿವೆ. ಹೊರಗಿನಿಂದ ಬಂದವರಿಗೆ ಜಾಗ ಕೊಡುವುದು ಹದಿನಾರಿಗೆ ಹೊಸದಲ್ಲ, 1399ರಲ್ಲಿ ಮೈಸೂರು ಒಡೆಯರ ಮೂಲಪುರುಷ ಯದುರಾಯರು ಬಂದದ್ದೂ ಅಲ್ಲಿಗೇ ಎಂದು ಐತಿಹ್ಯ. ಹಗಲೆಲ್ಲ ನೀರಿನಲ್ಲಿ ತೂಕಡಿಸಿ, ಕತ್ತಲಾದ ಮೇಲೆ ಹೊಲಕ್ಕಿಳಿದು ಮೇಯುವುದು ಹೆಬ್ಬಾತಿನ ದಿನಚರಿ. ಏರಿಯ ಮೇಲೆ ಇವರು ಸ್ಕೋಪು ನಿಲ್ಲಿಸಿ ಒಂದು ಹಕ್ಕಿಯ ಕತ್ತುಪಟ್ಟಿ ಓದಲು ಹೆಣಗುತ್ತಿದ್ದಾಗ, ಎಮ್ಮೆ ಮೇಯಿಸುತ್ತಿದ್ದ ಅಜ್ಜನೊಬ್ಬ ತಾನೂ ಇಣುಕಿ ನೋಡಿ ಕೇಳಿದ್ದು ಒಂದೇ ಮಾತು. “ಸಾಲದ ಹಸೂಗ ಕಿವಿ ಓಲೆ ಹಾಕ್ತಾರ. ಇದ್ರ ಮ್ಯಾಲೂ ಲೋನ್ ಅದಾ ಸಾ?”

ಇನ್ನು ಅವರ ಮನೆಯವರ ವಿಷಯ. ದುರ್ಬೀನನ್ನು ಮುಟ್ಟಿದವರಲ್ಲ. ಬೀನ್ಸ್ ಹೆಚ್ಚುತ್ತಾ ಕೂತಲ್ಲೇ, “ಮಡಿವಾಳ ಹಕ್ಕಿ ಇವತ್ತು ಬೇರೆ ಥರ ಸಿಳ್ಳೆ ಹಾಕ್ತಿದೆ, ಬೆಕ್ಕು ಬಂದಿರಬೇಕು ನೋಡಿ” ಎನ್ನುತ್ತಾರೆ. ಬೆಕ್ಕು ಬಂದಿರುತ್ತದೆ. ಪಟ್ಟಿಯಲ್ಲಿ ಅರ್ಧಕ್ಕರ್ಧ ಹಕ್ಕಿ ಅಡುಗೆಮನೆ ಕಿಟಕಿಯಿಂದ ಬಂದವು, ಹೆಸರು ಮಾತ್ರ ಯಜಮಾನರದ್ದು.

ಹೋದ ಅಕ್ಟೋಬರಿನಲ್ಲಿ ನವರಂಗ ಬಂದಿದೆ ಎಂದು ಮೈಸೂರಿನ ಗೆಳೆಯರೆಲ್ಲ ಎಗರಾಡುತ್ತಿದ್ದರು. ಚಳಿಗಾಲ ಕಳೆಯಲು ಉತ್ತರದಿಂದ ಬರುವ, ಮೈತುಂಬ ಬಣ್ಣ ಬಳಿದುಕೊಂಡ ಮೋಟುಬಾಲದ ಹಕ್ಕಿ. ಒದ್ದೆ ತರಗೆಲೆ ಕೆದಕಿಕೊಂಡು ನೆರಳಲ್ಲಿ ಓಡಾಡುವುದು ಅದರ ಸ್ವಭಾವ. ನಮ್ಮವರು ಬೆಳಗಿನ ಜಾವ ಎದ್ದು ಹಳ್ಳದ ಹೊಂಗೆತೋಪನ್ನೆಲ್ಲ ಜಾಲಾಡಿ, ಕಾಲಿಗೆ ಮುಳ್ಳು ಚುಚ್ಚಿಕೊಂಡು ಬಂದು, ಪುಸ್ತಕದಲ್ಲಿ ಅದರ ಚಿತ್ರ ನೋಡುತ್ತಾ ಕೂತಿದ್ದರು. ಕಾಫಿ ತಂದ ಮನೆಯವರು ಬಗ್ಗಿ ನೋಡಿದರು.

“ಇದಾ? ಇದು ನಾಲ್ಕು ದಿನದಿಂದ ಪಾತ್ರೆ ತೊಳೆಯೋ ಕಲ್ಲಿನ ಹತ್ತಿರ ಇತ್ತಲ್ಲ. ನಲ್ಲಿ ಸೋರುತ್ತಲ್ಲ, ಅಲ್ಲಿ ಎರೆಹುಳ ಎಳೀತಾ ಇತ್ತು.”

“ಈಗೆಲ್ಲಿ?”

“ಈಗೆಲ್ಲಿ ಅಂದ್ರೆ? ನಿನ್ನೆ ನೀವು ತೋಪಿಗೆ ಹೋದಾಗ ಪ್ಲಂಬರ್‌ನ ಕರೆಸಿ ನಲ್ಲಿ ಸರಿ ಮಾಡಿಸಿದೆ.”

ಅಂದಿನಿಂದ ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ, ತೆಂಗಿನ ಸಸಿಗೆ ಒಂದು ಚೊಂಬು ನೀರು ಹಾಕದ ನಮ್ಮವರು ಎರಡು ಬಕೆಟ್ ನೀರು ಹೊತ್ತು ತಂದು ಪಾತ್ರೆ ಕಲ್ಲಿನ ಪಕ್ಕ, ಸದ್ದಾಗದಂತೆ, ಸುರಿಯುತ್ತಿದ್ದಾರೆ. ಕೆಲಸಕ್ಕೆ ಬರುವ ಹೆಂಗಸು ಇದನ್ನು ವಾರವೆಲ್ಲ ನೋಡಿ ಕೊನೆಗೆ ಅಮ್ಮಾವರ ಹತ್ತಿರ ಹೇಳಿದಳಂತೆ: “ಎಂಗೂ ಹೊತ್ಕ ಬತ್ತಾರಲ್ಲ, ಅದ್ನೇ ಎರಡಡಿ ಎಡಕ್ಕ ಸುರೀರಿ ಅನ್ನಿ ಅವ್ವ, ನಿಂಬೆ ಗಿಡನಾರೂ ಬದುಕ್ಕತದ.”