ಆಟಕ್ಕುಂಟು, ಲೆಕ್ಕಕ್ಕಿಲ್ಲ

ಮೆಲ್ಬರ್ನಿನ ಪಶ್ಚಿಮಕ್ಕೆ, ಟಾರ್ನೀಟ್, ಪಾಯಿಂಟ್ ಕುಕ್ ಕಡೆ, ಚಳಿಗಾಲದ ಯಾವುದೇ ಭಾನುವಾರ ಬೆಳಿಗ್ಗೆ ಮಕ್ಕಳ ಫೂಟಿ ನಡೆಯುವ ಮೈದಾನಕ್ಕೆ ಹೋಗಿ ನೋಡಿ. ಗೆರೆಯಾಚೆ ಸಾಲಾಗಿ ನಿಂತ ಅಪ್ಪಂದಿರಲ್ಲಿ ಸ್ಕೋರಪ್ಪನವರನ್ನು ಕಂಡುಹಿಡಿಯುವುದು ಕಷ್ಟವಲ್ಲ. ಉಳಿದವರ ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದು ಕೈ ಜೇಬಿನಲ್ಲಿ. ಸ್ಕೋರಪ್ಪನವರ ಎರಡೂ ಕೈ ಜೇಬಿನಲ್ಲಿವೆ, ಎರಡೂ ಜೇಬು ಮಿಸುಕಾಡುತ್ತಿವೆ. ಬಲಗೈ ಗೆಣ್ಣುಗಳ ಮೇಲೆ ಮಗನ ತಂಡದ ಗೋಲು, ಎಡಗೈ ಗೆಣ್ಣುಗಳ ಮೇಲೆ ಎದುರಾಳಿಗಳ ಗೋಲು. ಬಿಹೈಂಡುಗಳ ಲೆಕ್ಕ ಬೂಟಿನೊಳಗೆ, ಕಾಲ್ಬೆರಳಲ್ಲಿ ನಡೆದಿದೆ ಎಂದು ಅವರ ಹೆಂಡತಿಯೇ ಹೇಳುತ್ತಾರೆ.

ಇಷ್ಟು ಕಳ್ಳತನ ಯಾಕೆಂದರೆ, ಅಲ್ಲಿ ಲೆಕ್ಕ ಇಡುವ ಹಾಗಿಲ್ಲ.

ಫೂಟಿ ಅಂದರೆ ನಮ್ಮ ಕಾಲ್ಚೆಂಡಲ್ಲ. 1859ರಲ್ಲಿ ಮೆಲ್ಬರ್ನ್ ಕ್ಲಬ್ಬಿನವರು ಕೂತು ನಿಯಮ ಬರೆದ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಚೆಂಡು ಮೊಟ್ಟೆಯಾಕಾರ, ಅದನ್ನು ಕೈಯಲ್ಲೂ ಹಿಡಿಯಬಹುದು. ಮೈದಾನದ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎತ್ತರದ ಎರಡು ಕಂಬಗಳ ಮಧ್ಯೆ ಒದ್ದರೆ ಗೋಲು, 6 ಅಂಕ. ಗುರಿ ತಪ್ಪಿ ಪಕ್ಕದ ಗಿಡ್ಡ ಕಂಬದ ಕಡೆ ನುಸುಳಿದರೆ ಬಿಹೈಂಡ್, 1 ಅಂಕ. 1897ಕ್ಕೆ ಮುಂಚೆ ಈ ಬಿಹೈಂಡುಗಳನ್ನು ಬರೆದುಕೊಳ್ಳುತ್ತಿದ್ದರೇ ಹೊರತು ಸೋಲು ಗೆಲುವಿಗೆ ಹಿಡಿಯುತ್ತಿರಲಿಲ್ಲ. ಆಮೇಲೆ ಅವಕ್ಕೂ ಬೆಲೆ ಬಂತು. ಹಾಗಾಗಿ ಸ್ಕೋರನ್ನು 7.4 (46) ಎಂದು ಬರೆಯುತ್ತಾರೆ: ಏಳು ಗೋಲು, ನಾಲ್ಕು ಬಿಹೈಂಡ್, ಒಟ್ಟು ನಲವತ್ತಾರು. ಗುಣಿಸು, ಕೂಡು, ಕಂಸದಲ್ಲಿ ಹಾಕು. ದಾವಣಗೆರೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಒಂದು ಅಂಕಕ್ಕಾಗಿ ಮರು ಎಣಿಕೆಗೆ ಅರ್ಜಿ ಹಾಕಿ, ಅದನ್ನು ಪಡೆದೂ ಬಂದ ಮನುಷ್ಯನಿಗೆ ಈ ಆಟದ ಮೇಲೆ ಪ್ರೀತಿ ಹುಟ್ಟದೆ ಇರುತ್ತದೆಯೇ? ತಪ್ಪಿದ್ದಕ್ಕೂ ಒಂದು ಅಂಕ ಕೊಡುವ ದೇಶ ಇದೊಂದೇ ಎಂದು ಅವರು ಊರಿಗೆ ಫೋನ್ ಮಾಡಿದಾಗಲೆಲ್ಲ ಹೇಳುತ್ತಾರೆ.

ಆದರೆ ಮಗ ಸೇರಿದ್ದು ಒಂಬತ್ತು ವರ್ಷದೊಳಗಿನವರ ತಂಡಕ್ಕೆ. ಆಟವನ್ನು ಆಳುವ ಎಎಫ್‌ಎಲ್‌ನ ಮಕ್ಕಳ ನೀತಿ ಹತ್ತು ವರ್ಷದೊಳಗಿನವರ ತಂಡದವರೆಗೆ ಸ್ಪಷ್ಟ: ಸ್ಕೋರ್ ಇಲ್ಲ, ಅಂಕಪಟ್ಟಿ ಇಲ್ಲ, ಫೈನಲ್ ಇಲ್ಲ. ಗೆಲ್ಲಲೇಬೇಕೆಂದು ಹಟ ಹಿಡಿದರೆ ನಾಲ್ವರು ಗಟ್ಟಿ ಹುಡುಗರ ಕಾಲಿಗೇ ಚೆಂಡು ಸಿಕ್ಕುತ್ತದೆ, ಉಳಿದವರು ಹುಲ್ಲು ಕೀಳುತ್ತಾ ನಿಲ್ಲುತ್ತಾರೆ, ಮುಂದಿನ ವರ್ಷ ಆಟ ಬಿಟ್ಟೇಬಿಡುತ್ತಾರೆ. ಅದು ಬೇಡ ಅಂತಲೇ ಎಲ್ಲರಿಗೂ ಸಮನಾಗಿ ಆಡುವ ಸಮಯ, ಎಲ್ಲ ಜಾಗದಲ್ಲೂ ಸರದಿ. ವಾರದ ಬಹುಮಾನವೂ ಸರದಿಯ ಪ್ರಕಾರವೇ. ಮಗನಿಗೆ ಮೊದಲ ಸಲ ಬಹುಮಾನ ಬಂದಾಗ ಸ್ಕೋರಪ್ಪನವರು ಪ್ರಮಾಣಪತ್ರದ ಫೋಟೋ ತೆಗೆದು ದಾವಣಗೆರೆ, ಹರಿಹರ, ರಾಣೆಬೆನ್ನೂರಿನ ಎಲ್ಲ ಗುಂಪುಗಳಿಗೂ ಕಳಿಸಿದ್ದರು. ಹೆಸರುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಕರೆಯುತ್ತಿದ್ದಾರೆಂದು ತಿಳಿದದ್ದು ಮೂರನೇ ವಾರಕ್ಕೆ.

ಪಂದ್ಯ ಮುಗಿದ ಮೇಲೆ ಕಾರಿನಲ್ಲಿ ನಡೆಯುವ ವಿಚಾರಣೆಯನ್ನು ಒಮ್ಮೆ ಕೇಳಬೇಕು.

“ಎಷ್ಟಕ್ಕೆಷ್ಟು ಆತಲೇ?”

“ಸ್ಕೋರ್ ಇಲ್ಲಪ್ಪಾ.”

“ಅದು ಗೊತ್ತು. ಗೆದ್ದೋರು ಯಾರು?”

“ಕೋಚ್ ಹೇಳಿದ್ರು, ಎಲ್ಲಾರೂ.”

“ಎಲ್ಲಾರೂ ಗೆದ್ರೆ ಸೋತೋರು ಯಾರು ಹಂಗಾದ್ರೆ?”

ಹುಡುಗ ಕನ್ನಡಿಯಲ್ಲಿ ಅಪ್ಪನನ್ನು ನೋಡಿದ. “ನೀನೊಬ್ನೇ ಇರ್ಬೇಕು. ಮುಖ ಹಂಗೈತೆ.”

ಮುಂದಿನ ಸೀಟಿನಿಂದ ಮನೆಯವರ ದನಿ: “ರೀ, ಸಿಗ್ನಲ್ ಹಸಿರಾಗಿ ಎಷ್ಟೊತ್ತಾತು, ಹೊಂಡ್ರಿ ಇನ್ನ.”

ನಿಜ ಹೇಳಬೇಕೆಂದರೆ ಮಕ್ಕಳಿಗೂ ಸ್ಕೋರ್ ಗೊತ್ತಿರುತ್ತದೆ. ಬೋರ್ಡ್ ಮೇಲೆ ಬರೆಯದಿದ್ದರೂ ಒಂಬತ್ತು ವರ್ಷದ ಹುಡುಗರು ಬಾಯಲ್ಲೇ ಎಣಿಸಿಕೊಂಡಿರುತ್ತಾರೆ, ಅದೂ ತಪ್ಪಿಲ್ಲದೆ. ಅವರ ಲೆಕ್ಕಕ್ಕೆ ಆಯಸ್ಸು ಕಡಿಮೆ. ತಂಡದ ಮ್ಯಾನೇಜರಮ್ಮ ಜೆಲ್ಲಿ ಹಾವುಗಳ ಪೊಟ್ಟಣ ಬಿಚ್ಚಿದ ಕೂಡಲೇ ಖಾತೆ ಮುಚ್ಚುತ್ತದೆ. ಕೆಂಪು ಹಾವು ಯಾರಿಗೆ ಎಂಬುದೇ ಆಮೇಲಿನ ವಿಷಯ. ಸ್ಕೋರಪ್ಪನವರ ಖಾತೆ ಮಾತ್ರ ಮನೆಗೆ ಬಂದು ನೋಟ್‌ಬುಕ್ಕಿಗೆ ಏರುತ್ತದೆ.

ಜೇಬಿನ ಎಣಿಕೆ ಸಾಲದಾದಾಗ ಅವರು ಗೋಲ್ ಅಂಪೈರ್ ಆಗಲು ಮುಂದೆ ಬಂದರು. ಮಕ್ಕಳ ಪಂದ್ಯದಲ್ಲಿ ಆ ಕೆಲಸ ಪೋಷಕರದ್ದೇ, ಮಳೆಯಲ್ಲಿ ಕಂಬದ ಹಿಂದೆ ನಿಲ್ಲಲು ಯಾರಿಗೂ ಮನಸ್ಸಿರುವುದಿಲ್ಲ. ಕೋಚ್ ಸಂತೋಷದಿಂದ ಕೊಟ್ಟರು. ಗೋಲಿಗೆ ಎರಡು ಬಾವುಟ, ಬಿಹೈಂಡಿಗೆ ಒಂದು ಬಾವುಟ ಬೀಸಿದರೆ ಸಾಕಿತ್ತು. ಇವರು ಬೀಸಿದ ಮೇಲೆ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು ಅಂಗೈಗೆ ಏನೋ ಬರೆದುಕೊಳ್ಳತೊಡಗಿದರು. ಮೂರನೇ ಕ್ವಾರ್ಟರ್ ಮುಗಿದು ಮಕ್ಕಳು ಕಿತ್ತಳೆ ತಿನ್ನುತ್ತಿದ್ದಾಗ ಅಂಗೈ ತೋರಿಸಿ, “ಐದೇ ಅಂಕ ಹಿಂದಿದ್ದೀವಿ, ಬಿಡಬೇಡ್ರಿ” ಎಂದುಬಿಟ್ಟರು. ಎದುರು ತಂಡದ ಒಂದು ಮಗು ಅಳತೊಡಗಿತು. ನಾವು ಮುಂದಿದ್ದೀವಿ ಎಂಬ ಖುಷಿಗೆ ಅತ್ತದ್ದು ಎಂದು ಸ್ಕೋರಪ್ಪನವರ ವಾದ. ದೂರು ಮಾತ್ರ ಕ್ಲಬ್ಬಿನ ಅಧ್ಯಕ್ಷೆಯವರೆಗೂ ಹೋಯಿತು.

ಅಧ್ಯಕ್ಷೆ ವೃತ್ತಿಯಿಂದ ಪ್ಲಂಬರ್. ಮಾತು ಕಡಿಮೆ. ಕರೆಸಿ, ನೋಟ್‌ಬುಕ್ ಕೇಳಿದರು. ಪುಟ ತಿರುವಿದರು. ತಾರೀಖು, ನಾಲ್ಕು ಕ್ವಾರ್ಟರ್, ಎರಡೂ ತಂಡಕ್ಕೆ ಬೇರೆ ಬೇರೆ ಅಂಕಣ: 7.4 (46), 6.9 (45). ಕೆಂಪು ಶಾಯಿಯಲ್ಲಿ ವ್ಯತ್ಯಾಸ. ಪುಟದ ತಲೆಗೆ ‘ಹಿಂದಿನ ಪುಟದಿಂದ ತಂದದ್ದು’, ಬುಡದಲ್ಲಿ ಸಹಿ. ಎಲ್ಲೂ ಒಂದು ಕಾಟು ಗೀಟು ಇಲ್ಲ. ಬೈಯಲು ಕೂತವರು ತುಸು ಹೊತ್ತು ಸುಮ್ಮನಿದ್ದು ಕೇಳಿದರು: “ನಮ್ಮ ಕ್ಯಾಂಟೀನಿನ ದುಡ್ಡು ಐಸ್‌ಕ್ರೀಮ್ ಡಬ್ಬದಲ್ಲಿದೆ. ಎಷ್ಟು ಬಂತು, ಎಷ್ಟು ಹೋಯಿತು, ಯಾರಿಗೂ ಗೊತ್ತಿಲ್ಲ. ನೀವು ನೋಡಿಕೊಳ್ಳುತ್ತೀರಾ?”

ಹೀಗೆ ಸ್ಕೋರಪ್ಪನವರು ಖಜಾಂಚಿಯಾದರು. ಕಿರ್ದಿ ತೆರೆದು ನೋಡಿದಾಗಲೇ ಅವರಿಗೆ ನಿಜವಾದ ಪಂದ್ಯ ಯಾವುದೆಂದು ತಿಳಿದದ್ದು. ಮೈದಾನ ಪುರಸಭೆಯದು, ಕ್ಲಬ್ಬು ಸೀಸನ್ನಿಗಿಷ್ಟು ಎಂದು ಬಾಡಿಗೆ ಕಟ್ಟಬೇಕು. ವಿಮೆ, ಲೀಗಿನ ಶುಲ್ಕ, ಚೆಂಡು, ಜೆರ್ಸಿ, ದೊಡ್ಡ ಹುಡುಗರ ಪಂದ್ಯಕ್ಕೆ ಅಂಪೈರ್ ಆಗಿ ಬರುವ ಹೈಸ್ಕೂಲು ಮಕ್ಕಳ ಸಂಭಾವನೆ. ಬರುವ ದುಡ್ಡೋ: ಪೋಷಕರ ನೋಂದಣಿ ಶುಲ್ಕ, ಜೆರ್ಸಿಯ ಬೆನ್ನ ಮೇಲೆ ಹೆಸರು ಹಾಕಿಸಿಕೊಳ್ಳುವ ರಿಯಲ್ ಎಸ್ಟೇಟಿನವರು, ಮಾಂಸದ ತಟ್ಟೆ ಬಹುಮಾನವಿರುವ ಲಾಟರಿ ಚೀಟಿ, ಕ್ಯಾಂಟೀನು, ಮತ್ತೆ ಬನಿಂಗ್ಸ್ ಹಾರ್ಡ್‌ವೇರ್ ಅಂಗಡಿಯ ಬಾಗಿಲಲ್ಲಿ ಸಾಸೇಜ್ ಸುಡುವ ಪಾಳಿ.

ಈ ಸಾಸೇಜ್ ಆಸ್ಟ್ರೇಲಿಯಾದ ಸಮುದಾಯ ಜೀವನದ ಬೆನ್ನೆಲುಬು. ಅಂಗಡಿಯವರು ಜಾಗ ಕೊಡುತ್ತಾರೆ, ಸಂಘದವರು ಸುಟ್ಟು ಬ್ರೆಡ್ಡಿಗಿಟ್ಟು ಮಾರಿ ಲಾಭ ಒಯ್ಯುತ್ತಾರೆ. 2022ರಲ್ಲಿ ಒಂದರ ಬೆಲೆ 2.50 ಡಾಲರಿನಿಂದ 3.50ಕ್ಕೆ ಏರಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಅದಕ್ಕೂ ಮೊದಲು, 2018ರಲ್ಲಿ, ಈರುಳ್ಳಿಯನ್ನು ಸಾಸೇಜಿನ ಮೇಲಲ್ಲ, ಕೆಳಗೆ ಹಾಕಿ, ನೆಲಕ್ಕೆ ಬಿದ್ದರೆ ಗಿರಾಕಿಗಳು ಜಾರುತ್ತಾರೆ ಎಂದು ಅಂಗಡಿಯಿಂದ ಸೂಚನೆ ಬಂದಾಗ ಆಗಿನ ಪ್ರಧಾನಿ ಸ್ಕಾಟ್ ಮಾರಿಸನ್ನರೂ ಆ ಬಗ್ಗೆ ಮಾತಾಡಬೇಕಾಗಿ ಬಂತು. ಸ್ಕೋರಪ್ಪನವರು ಹುಟ್ಟಾ ಸಸ್ಯಾಹಾರಿ. ಸಾಸೇಜ್ ಮುಟ್ಟುವುದಿಲ್ಲ. ಅವರದು ಈರುಳ್ಳಿ ವಿಭಾಗ. ಏಪ್ರನ್ ಕಟ್ಟಿ, ಮೂಗಿಗೆ ಕರ್ಚೀಫ್ ಸುತ್ತಿ, ಒಂದೊಂದು ಬ್ರೆಡ್ಡಿಗೂ ಅಳೆದು ಒಂದು ಸೌಟು ಈರುಳ್ಳಿ ಹಾಸುತ್ತಾರೆ. ಯಾರಾದರೂ ಇನ್ನೊಂದಿಷ್ಟು ಕೇಳಿದರೆ ಅವರ ಮುಖದಲ್ಲಿ ಆ ದಿನದ ಲಾಭಾಂಶ ಇಳಿಯುವುದು ಕಾಣುತ್ತದೆ.

ಮೈದಾನದ ಕ್ಯಾಂಟೀನಿಗೂ ಕೈ ಹಾಕಿದರು. ಬೆಳಿಗ್ಗೆ ಎಂಟರ ಚಳಿಗೆ ಶುಂಠಿ ಹಾಕಿದ ಚಹಾ ಇಟ್ಟರು. ಮೊದಲ ವಾರ ಕನ್ನಡದವರೂ ತೆಲುಗಿನವರೂ ಕುಡಿದರು, ಆಮೇಲೆ ಎದುರು ತಂಡದ ಕೋಚೇ ಸಾಲಿನಲ್ಲಿ ನಿಂತರು. ಟೊಮೆಟೊ ಸಾಸ್ ಎಷ್ಟು ಬೇಕಾದರೂ ಒತ್ತಿಕೊಳ್ಳಬಹುದಾಗಿದ್ದ ಕಾಲ ಮುಗಿಯಿತು. ಕಮಿಟಿಯಲ್ಲಿ ಗೊಣಗಾಟ ಎದ್ದಿತು, ಶಿಲ್ಕೂ ಏರಿತು.

ಶುಲ್ಕದ ಬಾಕಿ ವಸೂಲಿಗೆ ಹೊರಟಾಗ ಮಾತ್ರ ಸ್ಕೋರಪ್ಪನವರು ಬದಲಾದದ್ದು ಕಂಡಿತು. ಒಬ್ಬ ತಾಯಿ ಮೂರು ವಾರದಿಂದ ಮಗನನ್ನು ಕಳಿಸಿರಲಿಲ್ಲ. ಜ್ವರ ಎಂದಿದ್ದರು. ಇವರು ಪಟ್ಟಿ ನೋಡಿದರು, ಹೆಸರಿನ ಮುಂದೆ ಬಾಕಿ ಇತ್ತು. ವಿಕ್ಟೋರಿಯಾ ಸರ್ಕಾರ ರಿಯಾಯಿತಿ ಕಾರ್ಡಿರುವ ಅರ್ಹ ಕುಟುಂಬದ ಮಕ್ಕಳ ಆಟದ ಖರ್ಚಿಗೆ ‘ಗೆಟ್ ಆ್ಯಕ್ಟಿವ್ ಕಿಡ್ಸ್’ ಎಂಬ ವೋಚರಿನಲ್ಲಿ 200 ಡಾಲರ್‌ವರೆಗೆ ಕೊಡುತ್ತ ಬಂದಿದೆ. ಆ ತಾಯಿಗೆ ಗೊತ್ತಿರಲಿಲ್ಲ. ಸ್ಕೋರಪ್ಪನವರು ಕ್ಯಾಂಟೀನಿನ ಹಿಂದೆ ಕೂತು, ಶಬ್ದ ಮಾಡದೆ ಅರ್ಜಿ ತುಂಬಿಸಿದರು. ಬಾಕಿ ಯಾರದೆಂದು ಕಮಿಟಿಗೂ ಹೇಳಲಿಲ್ಲ. ಕಾಲಂ ಸರಿಹೋಯಿತು, ಹುಡುಗನೂ ಮೈದಾನಕ್ಕೆ ಬಂದ.

ಈಗಲೂ ಅವರು ಎಣಿಸುವುದನ್ನು ಬಿಟ್ಟಿಲ್ಲ, ಬಿಡುವ ಜಾತಿಯೂ ಅಲ್ಲ. ಕ್ಯಾಂಟೀನಿನ ಕಿಟಕಿಯಿಂದ ಮೈದಾನ ಅರ್ಧ ಮಾತ್ರ ಕಾಣುತ್ತದೆ, ಹಾಗಾಗಿ ಒಂದೇ ತುದಿಯ ಗೋಲುಗಳು ಸಿಕ್ಕುತ್ತವೆ. ಪ್ರತಿ ಕ್ವಾರ್ಟರಿಗೂ ತಂಡಗಳು ತುದಿ ಬದಲಿಸುವುದರಿಂದ ಆ ಲೆಕ್ಕ ಕಲಸುಮೇಲೋಗರ. ನಡುವೆ ಯಾರೋ ಬಂದು ಎರಡು ಚಹಾ ಎನ್ನುತ್ತಾರೆ, ಅಲ್ಲಿಗೆ ಅದೂ ಮರೆಯುತ್ತದೆ. ಕಾರಿನ ವಿಚಾರಣೆ ನಿಂತಿದೆ. ಈಗ ಮಗನೇ ಕೇಳುತ್ತಾನಂತೆ: “ಇವತ್ತು ಎಷ್ಟು ಆತಪ್ಪಾ?” ಅಪ್ಪ ಡಾಲರುಗಳಲ್ಲಿ ಉತ್ತರ ಕೊಡುತ್ತಾರೆ.

ಸ್ಕೋರಪ್ಪನಂಥವರು ಮೆಲ್ಬರ್ನಿನಲ್ಲಷ್ಟೇ ಅಲ್ಲ, ಮಕ್ಕಳು ಆಡುವ ಎಲ್ಲ ಊರಲ್ಲೂ ಇದ್ದಾರೆ. ನಿಮ್ಮ ಕ್ಲಬ್ಬಿನಲ್ಲೂ ಒಬ್ಬರಿದ್ದರೆ ಬೈದು ಓಡಿಸಬೇಡಿ, ಗೆರೆಯ ಬಳಿಯೂ ಬಿಡಬೇಡಿ. ಕೈಗೆ ರಶೀದಿ ಪುಸ್ತಕ ಕೊಟ್ಟು ಕೂರಿಸಿ. ಮಕ್ಕಳ ಸ್ಕೋರು ವಯಸ್ಸು ಬಂದ ಮೇಲೆ ತಾನಾಗಿ ಶುರುವಾಗುತ್ತದೆ, ಮೈದಾನದ ಬಾಡಿಗೆ ಅಲ್ಲಿಯವರೆಗೆ ಕಾಯುವುದಿಲ್ಲ.