ಚೌಕಾಸನ ಮೀಮಾಂಸೆ

ಫ್ಲಾರೆನ್ಸಿನ ಹಳೇ ಊರಿನ ಚೌಕಗಳ, ಅಂದರೆ ಪಿಯಾಟ್ಸಾಗಳ, ವಾಸ್ತು, ಶಿಲ್ಪ, ರಾಜಕಾರಣಗಳ ಮೇಲೆ ಪೂರ್ವಸೂರಿಗಳು ಕಪಾಟುಗಟ್ಟಲೆ ಬರೆದಿದ್ದಾರೆ. ‘ಕೂರುವುದೆಲ್ಲಿ?’ ಎಂಬ ಮೂಲಪ್ರಶ್ನೆಯನ್ನು ಯಾರೂ ಎತ್ತಿದ್ದು ಕಾಣೆ. ಅವರೆಲ್ಲ ಕುರ್ಚಿಯಲ್ಲಿ ಕೂತು ಬರೆದದ್ದೇ ಕಾರಣವಿರಬೇಕು. ಪ್ರಸ್ತುತ ಪ್ರಬಂಧಕಾರನಾದರೋ ತನ್ನೆರಡು ಹಿಮ್ಮಡಿಗಳನ್ನೇ ಪ್ರತ್ಯಕ್ಷ ಪ್ರಮಾಣವಾಗಿ ಇಟ್ಟುಕೊಂಡು ಹೊರಟಿದ್ದಾನೆ.

ಮೊದಲು ಲಕ್ಷಣ. ಸುತ್ತ ಕಟ್ಟಡ, ನಡುವೆ ಬಯಲು. ಕೂತವರು ಕಲ್ಲಿನವರು, ನಿಂತವರು ಕಾಲಿನವರು. ಇದೇ ಪಿಯಾಟ್ಸಾ.

ಪಿಯಾಟ್ಸಾ ಡೆಲ್ಲಾ ಸಿನ್ಯೋರಿಯಾದಲ್ಲಿ ಒಂದನೇ ಕೋಸಿಮೊ ದೊರೆ 1594ರಲ್ಲಿ ಕಂಚಿನ ಕುದುರೆ ಏರಿ ಕೂತವನು ಇನ್ನೂ ಇಳಿದಿಲ್ಲ. ಮಗ ಫರ್ಡಿನಾಂಡೊ ಅನ್ನುನ್ಸಿಯಾಟಾ ಚೌಕದಲ್ಲಿ ಅಪ್ಪನಂತೆಯೇ ಕುದುರೆಯ ಮೇಲೆ. ಕೆಥೆಡ್ರಲಿನ ಪಕ್ಕದಲ್ಲಿ ಬ್ರುನೆಲೆಸ್ಕಿ ಆರಾಮಾಗಿ ಕೂತು, 1436ರಲ್ಲಿ ತಾನೇ ಮುಗಿಸಿದ ಗುಮ್ಮಟವನ್ನು ಕತ್ತೆತ್ತಿ ನೋಡುತ್ತಿದ್ದಾನೆ. ಆದ್ದರಿಂದ ಸಿದ್ಧವಾದದ್ದು: ಇಲ್ಲಿ ಕೂರಬೇಕೆಂದರೆ ಒಂದೋ ಆಳಬೇಕು, ಇಲ್ಲವೇ ಗುಮ್ಮಟ ಕಟ್ಟಬೇಕು.

‘ಹಾಗಾದರೆ ಡೇವಿಡ್?’ ಎಂದು ಆಕ್ಷೇಪ ಬಂದೀತು. ಅವನು ಕುರಿ ಕಾಯುವ ಹುಡುಗ, ಪೀಠವುಂಟು, ಆಸನವಿಲ್ಲ. 1504ರಿಂದ 1873ರವರೆಗೆ ಬಿಸಿಲು ಮಳೆಯಲ್ಲಿ ನಿಲ್ಲಿಸಿದರು. ಆಮೇಲೆ ಮ್ಯೂಸಿಯಮ್ಮಿಗೆ ಒಯ್ದು ಅಲ್ಲೂ ನಿಲ್ಲಿಸಿದರು. 1910ರಿಂದ ಅವನ ಹಳೆಯ ಪಾಳಿಯನ್ನು ಪ್ರತಿಕೃತಿ ನೋಡಿಕೊಳ್ಳುತ್ತಿದೆ. ಡಾಂಟೆಯದು ಇನ್ನೂ ಕಷ್ಟ. ಕೆಥೆಡ್ರಲಿನ ಬಳಿ ಅವನು ಕೂರುತ್ತಿದ್ದ ಕಲ್ಲು ಇದೆಂದು ಐತಿಹ್ಯ ಒಂದು ಜಾಗ ತೋರಿಸುತ್ತದೆ. ಅವನನ್ನು ಮಾತ್ರ 1302ರಲ್ಲೇ ಊರಿನಿಂದ ಎಬ್ಬಿಸಿದರು. ಈಗ ಸಾಂತಾ ಕ್ರೋಚೆ ಚೌಕದಲ್ಲಿ ನಿಂತಿದ್ದಾನೆ.

ಇನ್ನು ಪೂರ್ವಪಕ್ಷ. ಮೆಡಿಚಿ, ಸ್ಟ್ರೋಟ್ಸಿ ಮನೆತನಗಳ ಅರಮನೆಗಳ ಬುಡದಲ್ಲಿ ಬೀದಿಯವರಿಗೆಂದೇ ಕಲ್ಲುಬೆಂಚು ಕಟ್ಟಿಲ್ಲವೇ? ಕಟ್ಟಿದ್ದಾರೆ. ಮೆಡಿಚಿಗಳು ಬ್ಯಾಂಕಿನವರು, ‘ಬ್ಯಾಂಕ್’ ಪದ ಹುಟ್ಟಿದ್ದೇ ಬೆಂಚನ್ನು ಹೇಳುವ ‘ಬಾಂಕೊ’ದಿಂದ. ಆದರೆ ಭಾಷೆಯ ದ್ರೋಹ ನೋಡಿ: ಇಂದು ಕಾಫಿಯನ್ನು ‘ಅಲ್ ಬಾಂಕೊ’ ಕುಡಿಯುವುದೆಂದರೆ ಕೌಂಟರಿನ ಮುಂದೆ ನಿಂತು ಕುಡಿಯುವುದು! ಬೆಂಚೇ ಎದ್ದು ನಿಂತ ಮೇಲೆ ಮನುಷ್ಯನ ಪಾಡೇನು? ಅದೇ ಕಾಫಿಯನ್ನು ಚೌಕದ ಮೇಜಿಗೆ ತರಿಸಿದರೆ ಬೆಲೆ ಹಲವು ಪಟ್ಟು. ಹೆಚ್ಚಿನ ಹಣ ಕಾಫಿಗಲ್ಲ, ಮೊಣಕಾಲು ಮಡಚಿದ್ದಕ್ಕೆ. ಪ್ರಬಂಧಕಾರ ಶಾಸ್ತ್ರಕ್ಕಾಗಿ ಒಮ್ಮೆ ಮಡಚಿದ. ರಾತ್ರಿ ಬ್ರೆಡ್ಡಿನಲ್ಲಿ ಮುಗಿಸಿದ.

ಚರ್ಚಿನ ಮೆಟ್ಟಿಲು ಪುಕ್ಕಟೆಯಲ್ಲವೇ ಎನ್ನುವವರಿಗೆ ಆರ್ದ್ರನ್ಯಾಯವೇ ಉತ್ತರ. ಮೆಟ್ಟಿಲ ಮೇಲೆ ಬುತ್ತಿ ಬಿಚ್ಚುವ ಪ್ರವಾಸಿಗಳನ್ನು ಎಬ್ಬಿಸಲು 2017ರಲ್ಲಿ ನಗರಾಡಳಿತ ಸಾಂತಾ ಕ್ರೋಚೆಯಂಥ ಚರ್ಚುಗಳ ಮೆಟ್ಟಿಲಿಗೆ ಊಟದ ಹೊತ್ತಿಗೆ ಸರಿಯಾಗಿ ನೀರು ಹೊಡೆಸಿತು.

ಉಳಿದದ್ದು ಅನ್ನುನ್ಸಿಯಾಟಾ ಚೌಕ. ಅಲ್ಲಿ ತಬ್ಬಲಿ ಕೂಸುಗಳಿಗೆಂದು ಬ್ರುನೆಲೆಸ್ಕಿ 1419ರಲ್ಲಿ ಕಟ್ಟತೊಡಗಿದ ಆಶ್ರಯಧಾಮದ ಮುಂದೆ ಉದ್ದಕ್ಕೂ ಮೆಟ್ಟಿಲಿದೆ. ಓದುಗರು ಹೋದರೆ ಅಲ್ಲಿ ಕೂತು ನೋಡಿ. ಅದಕ್ಕೆ ಮೊದಲು ಕೈಯಿಂದ ಮುಟ್ಟಿ ನೋಡಿ, ಒದ್ದೆಯಿದ್ದೀತು.